ಮಗಳಿಗೆ ಗೇರ್ ಕಾರು ಕಲಿಸುತ್ತಿದ್ದೇನೆ, ಕಲಿಸಿದವರು ಅನುಭವ ಹೇಳಿ

ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಮಗಳಿಗೆ ಹದಿನೆಂಟು ತುಂಬಿತು, ಎಲ್‌ಎಲ್‌ಆರ್ ಕೂಡ ಬಂದಿದೆ. ಮನೆಯಲ್ಲಿರುವುದು ಹತ್ತು ವರ್ಷದ ಹಳೆಯ ಪೆಟ್ರೋಲ್ ಕಾರು. ನಾಲ್ಕು ಭಾನುವಾರದಿಂದ ಕುಂದವಾಡ ಕೆರೆಯ ಕಡೆ ಕರೆದುಕೊಂಡು ಹೋಗುತ್ತಿದ್ದೇನೆ. ಪ್ರತಿ ಸಲವೂ ಗಾಡಿ ಎಗರಿ ಆಫ್ ಆಗುತ್ತದೆ, ನಾನು ಕೂಗುತ್ತೇನೆ, ಅವಳು ಅಳುತ್ತಾಳೆ, ಮನೆಗೆ ಬಂದ ಮೇಲೆ ಅವಳ ಅಮ್ಮ ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ. ಈ ನಡುವೆ ಹದಿನಾರರ ಮಗ ತನಗೂ ಕಲಿಸಿ ಎಂದು ಗಂಟುಬಿದ್ದಿದ್ದಾನೆ. ನೀವೆಲ್ಲ ಹೇಗೆ ಕಲಿಸಿದಿರಿ?

ಎಂಸಿಸಿ ಬಿ ಬ್ಲಾಕ್‌ನಿಂದ, ಇಬ್ಬರು ಮಕ್ಕಳ ತಾಯಿ

ನೀವು ಏನೆಂದು ಕೂಗುತ್ತೀರಿ ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳಿ. "ಬಿಡು, ಬಿಡು" ಎಂದೇ ಇರಬೇಕು. ನಮ್ಮಲ್ಲಿ ಕ್ಲಚ್ ಬಿಡುವುದೂ ಬಿಡುವುದೇ, ಬ್ರೇಕ್ ಬಿಡುವುದೂ ಬಿಡುವುದೇ, ಗಾಡಿ ಬಿಡುವುದೂ ಬಿಡುವುದೇ. ನಮ್ಮ ಯಜಮಾನರು "ನಿಧಾನಕ್ಕೆ ಬಿಡು" ಎಂದರೆ ಮಗನಿಗೆ ಕೇಳಿಸುತ್ತಿದ್ದುದು ಕೊನೆಯ ಮಾತು ಮಾತ್ರ, ಕಾಲನ್ನೇ ಎತ್ತಿಬಿಡುತ್ತಿದ್ದ. ಮೂರನೆಯ ದಿನ ಯಜಮಾನರನ್ನು ಮನೆಯಲ್ಲಿ ಬಿಟ್ಟು (ನೋಡಿ, ಇದೂ ಬಿಡುವುದೇ) ನಾನು ಪಕ್ಕದಲ್ಲಿ ಕುಳಿತೆ. ನನಗೂ ಲೈಸೆನ್ಸ್ ಇದೆ. ಕಾರಿನೊಳಗೆ ಆ ಪದಕ್ಕೆ ಪ್ರವೇಶವಿಲ್ಲ ಎಂದು ತೀರ್ಮಾನವಾಯಿತು. "ಎಡಗಾಲು ಮೇಲೆ", "ಎಡಗಾಲು ಕೆಳಗೆ", "ನಿಲ್ಲಿಸು", ಇಷ್ಟೇ ಮಾತು. ನಿಲ್ಲಿಸು ಎಂದರೆ ಎರಡೂ ಕಾಲು ಒಟ್ಟಿಗೆ ಒತ್ತುವುದು. ಮೊದಲನೆಯ ಗೇರಿನ ನಡಿಗೆಗೆ ಇದು ಸಾಕು; ವೇಗ ಹಿಡಿದ ಮೇಲೆ ಬ್ರೇಕ್ ಮೊದಲು, ಕ್ಲಚ್ ಕೊನೆಗೆ ಎಂದು ಬೇರೆ ಕಲಿಸಬೇಕು.

ಇನ್ನೊಂದು, ನಿಮ್ಮ ಎತ್ತರಕ್ಕೆ ಹಿಂದೆ ಸರಿಸಿದ ಸೀಟಿನಲ್ಲೇ ಅವಳನ್ನು ಕೂರಿಸಿಲ್ಲ ತಾನೇ? ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಕೊಂಚ ಮಡಿಸಿಯೇ ಇರಬೇಕು. ತುದಿಬೆರಳಿನಲ್ಲಿ ಒತ್ತುವ ಕಾಲು ಜಾರದೆ ಇನ್ನೇನು ಮಾಡುತ್ತದೆ? ಹವಾಯಿ ಚಪ್ಪಲಿಯೂ ಬೇಡ.

ಮೊದಲ ದಿನ ನಾವು ಗಾಡಿ ಓಡಿಸಲೇ ಇಲ್ಲ. ಅಂಗೈಗೆ ಅಂಗೈ ತಾಗಿಸಿ ತೋರಿಸಿದೆ: ನನ್ನ ಬಲಗೈ ತಿರುಗುತ್ತಿರುವ ಇಂಜಿನ್, ಅವನ ಎಡಗೈ ನಿಂತಿರುವ ಚಕ್ರ. ಮೆಲ್ಲಗೆ ಒತ್ತಿದರೆ ಮೊದಲು ಉಜ್ಜಿಕೊಳ್ಳುತ್ತದೆ, ಆಮೇಲೆ ಜೊತೆಗೆ ತಿರುಗುತ್ತದೆ. ಒಮ್ಮೆಲೇ ಒತ್ತಿದರೆ ನನ್ನ ಕೈಯೇ ನಿಂತುಹೋಗುತ್ತದೆ. ಎಡಗಾಲನ್ನು ಒಮ್ಮೆಲೇ ಎತ್ತಿದಾಗ ಗಾಡಿ ಆಫ್ ಆಗುವುದು ಹೀಗೆಯೇ. ಆಮೇಲೆ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೊದಲನೆಯ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಎಡಗಾಲನ್ನು ಮಾತ್ರ ನಿಧಾನವಾಗಿ ಎತ್ತಿಸಿದೆ. ಒಂದು ಕಡೆ ಇಂಜಿನ್ ಸದ್ದು ಇಳಿಯುತ್ತದೆ, ಬಾನೆಟ್ ಕೂದಲೆಳೆಯಷ್ಟು ಏಳುತ್ತದೆ. ಹಾಫ್ ಕ್ಲಚ್ ಎನ್ನುವುದು ಅದೇ ಜಾಗ. ಅದು ಸಿಕ್ಕ ತಕ್ಷಣ ಮತ್ತೆ ಒತ್ತುವುದು. ಇಪ್ಪತ್ತು ಸಲವಾದರೂ ಮಾಡಿದ್ದಾನೆ. ಕೊನೆಗೆ ಕಣ್ಣು ಮುಚ್ಚಿ ಮಾಡು ಎಂದೆ, ಮಾಡಿದ. ಮರುದಿನ ಹ್ಯಾಂಡ್ ಬ್ರೇಕ್ ಇಳಿಸಿ ಅದೇ ಜಾಗಕ್ಕೆ ಕಾಲು ತಂದಾಗ ಗಾಡಿ ತಾನಾಗಿಯೇ ಉರುಳತೊಡಗಿತು. ಅವನು ನನ್ನ ಮುಖ ನೋಡಿದ. "ರಸ್ತೆ ನೋಡು" ಎಂದೆ.

ಹರಿಹರದಿಂದ

ಹದಿನಾರರ ಮಗನಿಗೆ ಸ್ಪಷ್ಟವಾಗಿ ಇಲ್ಲ ಎನ್ನಿ. ಆ ವಯಸ್ಸಿಗೆ ಕಾನೂನು ಕೊಡುವುದು 50 ಸಿಸಿವರೆಗಿನ ದ್ವಿಚಕ್ರ ವಾಹನ ಮಾತ್ರ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅಕ್ಕನನ್ನು ನೋಡಿ ಕಲಿಯಲಿ. ಅಕ್ಕನಿಗೆ ಅವಸರವಿಲ್ಲ: ಎಲ್‌ಎಲ್‌ಆರ್ ಆರು ತಿಂಗಳಿಗೆ, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಹಿಂದೆ ಮುಂದೆ ಕೆಂಪು 'ಎಲ್' ಇರಲಿ.

ಚಿತ್ರದುರ್ಗದಿಂದ

ನಿಮ್ಮ ದಾವಣಗೆರೆ ಸಪಾಟು ಊರು. ನಮ್ಮದು ಕಲ್ಲುಬೆಟ್ಟಗಳ ಊರು, ಗಾಡಿ ನಿಂತರೆ ಹಿಂದಕ್ಕೇ ಬರುತ್ತದೆ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಹಾಫ್ ಕ್ಲಚ್‌ನಲ್ಲಿ ಬಾನೆಟ್ ಎದ್ದ ಮೇಲೆ ಮಾತ್ರ ಹ್ಯಾಂಡ್ ಬ್ರೇಕ್ ಇಳಿಸಬೇಕು. ನನ್ನ ತಮ್ಮನ ಮಗಳಿಗೆ ಇಷ್ಟನ್ನು ಹೇಳಿಕೊಟ್ಟು ಮಹಾ ಗುರು ಎಂದು ಬೀಗುತ್ತಿದ್ದೆ. ಅವಳು ಬ್ರೇಕ್ ಬದಲು ಹಾಫ್ ಕ್ಲಚ್‌ನಲ್ಲೇ ಗಾಡಿಯನ್ನು ಏರಿನಲ್ಲಿ ನಿಲ್ಲಿಸುವುದನ್ನೂ ಕಲಿತಿದ್ದಳು, ಅದನ್ನು ನಾನು ಗಮನಿಸಿರಲಿಲ್ಲ. ಸುಟ್ಟ ವಾಸನೆ ಬಂತು. ಪಕ್ಕದ ಲಾರಿಯದು ಎಂದುಕೊಂಡೆ. ಆ ಮಳೆಗಾಲದಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸಿದೆವು.

ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಯಾರಾದರೂ ಹಿರಿಯರು ಹೇಳಿದರೆ ಕೈಮುಗಿದು ಸುಮ್ಮನಿರಿ. ಈಗಿನ ಇಂಜೆಕ್ಷನ್ ಇಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ದಾವಣಗೆರೆಯಿಂದಲೇ

ಡ್ರೈವಿಂಗ್ ಶಾಲೆಗೆ ಸೇರಿಸಿ ಎನ್ನುವವರಿಗೆ ಒಂದು ಮಾತು. ನನ್ನ ಮಗ ಒಂದು ಶಾಲೆಯಲ್ಲಿ ತಿಂಗಳು ಕಲಿತ, ಒಮ್ಮೆಯೂ ಗಾಡಿ ಆಫ್ ಮಾಡಲಿಲ್ಲವಂತೆ. ಮನೆಯ ಕಾರಿನಲ್ಲಿ ಗೇಟು ದಾಟಲಿಲ್ಲ. ಕಲಿಸುವವರ ಕಾಲ ಕೆಳಗೂ ಕ್ಲಚ್ ಇರುತ್ತದೆ, ಅಷ್ಟು ದಿನವೂ ಅದನ್ನು ಒತ್ತುತ್ತಿದ್ದವರು ಅವರೇ. ಶಾಲೆ ಬೇಡವೆನ್ನುವುದಿಲ್ಲ, ನಗರದ ಸಂಚಾರಕ್ಕೆ ಆ ಎರಡನೆಯ ಬ್ರೇಕು ದೊಡ್ಡ ಧೈರ್ಯ. ಆದರೆ "ನೀವು ಕಾಲು ತೆಗೆಯಿರಿ" ಎಂದು ಮಗಳೇ ಕೇಳಲಿ.

ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗೆ ಕರೆದೊಯ್ಯಬೇಡಿ. ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ, ಕಾಳಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ.

ಕೇಳಿದವರು, ಮುಂದಿನ ಭಾನುವಾರ

ಸೀಟನ್ನು ಮೂರು ಹಲ್ಲು ಮುಂದೆ ಸರಿಸಬೇಕಾಯಿತು! ಒಂದು ಗಂಟೆ ಎಡಗಾಲಿನದೇ ಕೆಲಸ. ಆಮೇಲೆ ಎರಡು ಸಲ ಆಫ್ ಆಯಿತು, ನಾನು ಬಾಯಿ ಬಿಡಲಿಲ್ಲ. "ಅಪ್ಪಾಜಿ, ಮೈ ಹುಷಾರಿಲ್ಲವಾ?" ಎಂದು ಕೇಳಿದಳು. ಮೂರನೆಯ ಸಲ ಹೊರಟಿತು. ಎರಡನೆಯ ಗೇರಿನವರೆಗೆ ಹೋಗಿ ಬಂದೆವು. ಚಿತ್ರದುರ್ಗದವರೇ, ಏರಿನ ಅಭ್ಯಾಸಕ್ಕೆ ನಿಮ್ಮ ಕಡೆ ಬೆಳಿಗ್ಗೆ ಆರಕ್ಕೆ ಖಾಲಿ ಇರುವ ರಸ್ತೆ ಯಾವುದು? ಅಲ್ಲಿಯವರೆಗೆ ಕಾರು ನಾನೇ ತರುತ್ತೇನೆ.