ಸಕ್ಕರೆ ಇದೆ ಅಂತ ಬರೆಯಿರಿ ಚಿಕ್ಕಪ್ಪ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಮೆಸೇಜಿನ ಮೇಲೆ ಮೆಸೇಜು. ನನ್ನ ಮೆಡಿಕಲ್ ಅಂಗಡಿಯಲ್ಲಿ ಗಿರಾಕಿಗಳು ಜಾಸ್ತಿ ಇದ್ದರು, ಈಗ ಸ್ವಲ್ಪ ಪುರುಸೊತ್ತು ಸಿಕ್ಕಿತು. ಇಷ್ಟನ್ನೆಲ್ಲ ಟೈಪ್ ಮಾಡುವುದು ನನ್ನ ಕೈಲಾಗದ ಕೆಲಸ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಬೈಕೋಬೇಡಿ.

ಪುಟ್ಟ ಹಾಕಿದ ಫಾರ್ವರ್ಡ್ ನೋಡದವರಿಗೆ ಮೊದಲು ಹೇಳಿಬಿಡುತ್ತೇನೆ. ಹಳೇ ಕಾಯಿಲೆ ಇತ್ತು ಅಂತ ಇನ್ನು ಮುಂದೆ ಯಾವ ಇನ್ಶೂರೆನ್ಸ್ ಕಂಪನಿಯೂ ಕ್ಲೇಮ್ ತಿರಸ್ಕರಿಸುವ ಹಾಗಿಲ್ಲ, ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ, ಎಲ್ಲರಿಗೂ ಶೇರ್ ಮಾಡಿ ಅಂತ ಅದರಲ್ಲಿದೆ. ಕುಣಿಗಲ್ ಅಕ್ಕ ಅದಕ್ಕೆ ಕೈ ಮುಗಿದಿದ್ದಾರೆ. ಗುಬ್ಬಿ ಭಾವ "ಕಳ್ಳ ಕಂಪನಿಗಳಿಗೆ ಸರಿಯಾಗಿ ಬಿತ್ತು" ಅಂದಿದ್ದಾರೆ. ಬೆಂಗಳೂರಿನ ಅಳಿಯಂದಿರು, ಇದೇ ನೆಪ ಇಟ್ಟುಕೊಂಡು ಪ್ರೀಮಿಯಂ ಏರಿಸುತ್ತಾರೆ ನೋಡ್ತಾ ಇರಿ ಅಂತ ಹೆದರಿಸಿದ್ದಾರೆ. ಇನ್ನು ನಮ್ಮ ತಿಪಟೂರು ಚಿಕ್ಕಪ್ಪ, "ಹಂಗಾದ್ರೆ ನಾನೀಗ ಮಾಡಿಸ್ತಿರೋ ಪಾಲಿಸೀಲಿ ಸಕ್ಕರೆ ಕಾಯಿಲೆ ಬರೆಯೋದೇ ಬೇಡ, ಏಜೆಂಟೂ ಅದನ್ನೇ ಹೇಳ್ದ" ಅಂದಿದ್ದಾರೆ. ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟು ಒತ್ತಿದ್ದೀರಿ ಎಲ್ಲರೂ!

ಚಿಕ್ಕಪ್ಪ, ಆ ಮಾತು ನೋಡಿಯೇ ನಾನು ಫೋನ್ ಕೈಗೆ ತೆಗೆದುಕೊಂಡಿದ್ದು. ಆ ತೀರ್ಪು ಹೇಳಿರುವುದು ನೀವು ತಿಳಿದುಕೊಂಡಿರುವುದಕ್ಕೆ ಹೆಚ್ಚುಕಮ್ಮಿ ಉಲ್ಟಾ.

ಮೊದಲನೆಯದಾಗಿ ಅದು ಇವತ್ತಿನ ತೀರ್ಪಲ್ಲ. 2021ರ ಡಿಸೆಂಬರ್ 6ರದ್ದು. ಇಬ್ಬರು ನ್ಯಾಯಮೂರ್ತಿಗಳ ಪೀಠ, ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಬಿ.ವಿ. ನಾಗರತ್ನ. ತೀರ್ಪು ಬರೆದವರು ನಾಗರತ್ನ ಅವರೇ. ಹಿಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ನಮ್ಮ ಇ.ಎಸ್. ವೆಂಕಟರಾಮಯ್ಯನವರ ಮಗಳು. ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ ಆಗ ಇನ್ನೂ ಕೆಲವೇ ತಿಂಗಳಾಗಿತ್ತು. ಹೆಮ್ಮೆ ಪಡುವುದಾದರೆ ಅದಕ್ಕೆ ಪಡೋಣ.

ಕೇಸು ಏನಪ್ಪಾ ಅಂದರೆ, ಒಬ್ಬರು 2009ರಲ್ಲಿ ನೆಂಟರ ಮದುವೆಗೆ ಅಂತ ಅಮೆರಿಕಕ್ಕೆ ಹೊರಟರು. ಹೋಗುವ ಮುಂಚೆ ಯುನೈಟೆಡ್ ಇಂಡಿಯಾ ಕಂಪನಿಯ ಪ್ರಯಾಣದ ಮೆಡಿಕ್ಲೇಮ್ ಪಾಲಿಸಿ ಮಾಡಿಸಿದರು. ಫಾರಂನಲ್ಲಿ ತನಗೆ ಸಕ್ಕರೆ ಕಾಯಿಲೆ ಇದೆ ಅಂತ ಬರೆದರು. ವೈದ್ಯಕೀಯ ಪರೀಕ್ಷೆಯೂ ಆಯಿತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಹಾಗೇ ಸುಸ್ತು, ಬೆವರು. ಆಸ್ಪತ್ರೆಗೆ ಸೇರಿಸಿದರು, ಹೃದಯಕ್ಕೆ ಮೂರು ಸ್ಟೆಂಟ್ ಹಾಕಿದರು. ಅಮೆರಿಕದ ಆಸ್ಪತ್ರೆ ಬಿಲ್ಲು ಹೇಗಿರುತ್ತದೆ ಅಂತ ನಾನೇನೂ ಹೇಳಬೇಕಾಗಿಲ್ಲ. ಕಂಪನಿ ಏನು ಮಾಡಿತು? ನಿಮಗೆ ರಕ್ತದಲ್ಲಿ ಕೊಬ್ಬಿನ ಅಂಶ ಜಾಸ್ತಿ ಇತ್ತು, ಅದನ್ನು ಇಳಿಸುವ ಸ್ಟಾಟಿನ್ ಮಾತ್ರೆ ನುಂಗುತ್ತಿದ್ದಿರಿ, ಅದನ್ನು ಹೇಳಲಿಲ್ಲ ಅಂತ ಕೈ ಎತ್ತಿತು. ರಾಷ್ಟ್ರೀಯ ಗ್ರಾಹಕ ಆಯೋಗವೂ ಕಂಪನಿ ಪರ ನಿಂತಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಅವರು ಗೆದ್ದರು.

ಈ ಸ್ಟಾಟಿನ್ ವಿಷಯ ನನಗೆ ದಿನಾ ಕೌಂಟರಿನಲ್ಲಿ ನೋಡುವ ಸಂಗತಿ. ಸಕ್ಕರೆ ಇರುವವರು ನಲವತ್ತು ದಾಟಿದರೆ, ಕೊಲೆಸ್ಟ್ರಾಲ್ ಅಷ್ಟೇನೂ ಇಲ್ಲದಿದ್ದರೂ ಡಾಕ್ಟರು ಸಾಮಾನ್ಯವಾಗಿ ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಜೊತೆ ಒಂದು ಅಟೋರ್ವಾಸ್ಟಾಟಿನ್ನೋ ರೋಸುವಾಸ್ಟಾಟಿನ್ನೋ ಬರೆಯುತ್ತಾರೆ. ಮುಂದೆ ಹೃದಯಕ್ಕೆ ತೊಂದರೆ ಆಗದಿರಲಿ ಅಂತ. ತೆಗೆದುಕೊಳ್ಳುವವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. "ರಾತ್ರಿ ಊಟ ಆದ್ಮೇಲೆ ತಗೊಳ್ಳೋ ಆ ಚಿಕ್ಕ ಬಿಳೀದು ಕೊಡಿ" ಅನ್ನುತ್ತಾರೆ. ಗುರುತಿಗೆ ಅಂತ ಖಾಲಿ ಸ್ಟ್ರಿಪ್ಪಿನ ತುಂಡು ತರುತ್ತಾರೆ, ಹೆಸರು ಇರುವ ಕಡೆಯೇ ಕತ್ತರಿಸಿಹೋಗಿರುತ್ತದೆ. ಇಂಥವರನ್ನು ಕೂರಿಸಿಕೊಂಡು ನಿಮಗೆ ರಕ್ತದಲ್ಲಿ ಕೊಬ್ಬು ಜಾಸ್ತಿ ಇರುವ ತೊಂದರೆ, ಅಂದರೆ ಹೈಪರ್‌ಲಿಪಿಡೆಮಿಯಾ ಇದೆಯಾ ಅಂತ ಕೇಳಿದರೆ ಏನು ಹೇಳಿಯಾರು? ಕೋರ್ಟೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದು. ಸಕ್ಕರೆ ಇದೆ ಅಂತ ಅವರು ಮೊದಲೇ ಹೇಳಿದ್ದರು, ಅದರ ಜೊತೆಗಿನ ಮಾತ್ರೆಯನ್ನು ಬೇರೆಯಾಗಿ ಹೇಳಲಿಲ್ಲ ಅನ್ನುವುದು ದೊಡ್ಡ ವಿಷಯವಲ್ಲ. ಕಾಯಿಲೆ ಗೊತ್ತಿದ್ದೂ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆ ತೋರಿಸಿ ಕ್ಲೇಮ್ ತಳ್ಳುವ ಹಾಗಿಲ್ಲ ಅಂತ.

ಗಮನಿಸಿದಿರಾ ಚಿಕ್ಕಪ್ಪ? ಅವರು ಗೆದ್ದಿದ್ದು ಹೇಳಿದ್ದಕ್ಕೆ. ಫಾರ್ವರ್ಡ್ ಮಾಡಿದ ಪುಣ್ಯಾತ್ಮ ಆ ಒಂದು ಸಾಲನ್ನೇ ನುಂಗಿಬಿಟ್ಟಿದ್ದಾನೆ.

ಮುಚ್ಚಿಟ್ಟವರ ಕಥೆಯೂ ಇದೆ. ಅದು 2009ರ ತೀರ್ಪು, ಅದೂ ಸುಪ್ರೀಂ ಕೋರ್ಟಿನದೇ. ಪಾಲಿಸಿ ಮಾಡಿಸಿದವರಿಗೆ ಸಕ್ಕರೆಯಿಂದ ಕಿಡ್ನಿ ಹಾಳಾಗಿತ್ತು. ಫಾರಂನಲ್ಲಿ ಆರೋಗ್ಯ ಚೆನ್ನಾಗಿದೆ ಅಂತ ಬರೆಸಿದ್ದರು. ತೀರಿಕೊಂಡ ಮೇಲೆ ಹೆಂಡತಿ ಕ್ಲೇಮ್ ಕೇಳಿದರು, ಕಂಪನಿ ಕೊಡಲಿಲ್ಲ. ಕೋರ್ಟು ಕಂಪನಿ ಮಾಡಿದ್ದೇ ಸರಿ ಅಂದಿತು. ಆ ತೀರ್ಪನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಕೈ ಮುಗಿಯುವ ಹಾಗಿಲ್ಲವಲ್ಲ!

ನಾಗರತ್ನ ಅವರ ತೀರ್ಪಿನಲ್ಲಿ ನನಗೆ ಇಷ್ಟವಾದ ಇನ್ನೊಂದು ಮಾತಿದೆ. ಫಾರಂನಲ್ಲಿ ಯಾವುದಾದರೂ ಕಾಲಂ ಖಾಲಿ ಬಿಟ್ಟಿದ್ದರೆ, ತುಂಬಿ ಕೊಡಿ ಅಂತ ಕಂಪನಿಯೇ ಕೇಳಬೇಕು. ಕೇಳದೆ ದುಡ್ಡು ತಗೊಂಡು ಪಾಲಿಸಿ ಕೊಟ್ಟುಬಿಟ್ಟರೆ, ಆಮೇಲೆ ನೀವು ಮುಚ್ಚಿಟ್ಟಿರಿ ಅನ್ನುವ ಹಾಗಿಲ್ಲ. ಷರತ್ತಿನ ಬರವಣಿಗೆ ಗೊಂದಲವಾಗಿದ್ದರೆ ಅದರ ಲಾಭ ಗ್ರಾಹಕನಿಗೇ. ಕಂತು ಕಟ್ಟಿಸಿಕೊಳ್ಳುವಾಗ ಕಣ್ಣು ಮುಚ್ಚಿಕೊಂಡು, ಕ್ಲೇಮ್ ಬಂದಾಗ ಭೂತಗನ್ನಡಿ ಹಿಡಿಯುವ ಚಾಳಿ ಇದೆಯಲ್ಲ, ಅದಕ್ಕೆ ಹೇಳಿದ್ದು. ಆದರೆ ಖಾಲಿ ಬಿಡುವುದು ಬೇರೆ, ಸಕ್ಕರೆ ಇದೆಯಾ ಅಂತ ಕೇಳಿದ ಕಡೆ "ಇಲ್ಲ" ಅಂತ ಟಿಕ್ ಹಾಕುವುದು ಬೇರೆ. ಏಜೆಂಟ್ ಮೊಬೈಲಿನಲ್ಲೇ ಎಲ್ಲ ತುಂಬಿ, "ಓಟಿಪಿ ಬಂತಾ ಸಾರ್" ಅನ್ನುತ್ತಾನೆ. ನೀವು ಓಟಿಪಿ ಹೇಳಿದಿರಿ ಅಂದರೆ ಅವನು ಹಾಕಿದ "ಇಲ್ಲ" ನಿಮ್ಮದಾಯಿತು. ಕಮಿಷನ್ ಅವನಿಗೆ, ಕೋರ್ಟು ನಿಮಗೆ.

ಒಂದು ನಿಮಿಷ, ಯಾರೋ ಬಂದರು... ಡೋಲೋ ಕೇಳಲು ಬಂದಿದ್ದರು, ಕೊಟ್ಟೆ. ಎಲ್ಲಿದ್ದೆ?

ಹಾಂ, ಗುಬ್ಬಿ ಭಾವ. ನಿಮ್ಮ ಸಿಟ್ಟು ನನಗೆ ಗೊತ್ತು ಭಾವ, ಅದು ಸುಮ್ನೆ ಬಂದಿದ್ದಲ್ಲ. ಕಾಲಿನ ಗಾಯ ಕೀವಾಗಿ ಇಲ್ಲೇ ತುಮಕೂರಿನ ಆಸ್ಪತ್ರೆಗೆ ಸೇರಿದ್ದಿರಲ್ಲ, ಆಗ ಕಂಪನಿಯೇ ನೇರ ಆಸ್ಪತ್ರೆಗೆ ದುಡ್ಡು ಕಟ್ಟುವ ಕ್ಯಾಶ್‌ಲೆಸ್ ಆಗಲ್ಲ ಅಂದುಬಿಟ್ಟರು. ಉಳಿದವರಿಗೂ ಆ ಕಥೆ ಗೊತ್ತಿರಲಿ, ಯಾಕೆಂದರೆ ನಾಳೆ ಯಾರಿಗಾದರೂ ಆಗಬಹುದು. ಭಾವ ಪಾಲಿಸಿ ಮಾಡಿಸುವಾಗ ನಾಲ್ಕು ವರ್ಷದಿಂದ ಸಕ್ಕರೆ ಇದೆ ಅಂತ ಸರಿಯಾಗಿಯೇ ಬರೆಸಿದ್ದರು. ಆಸ್ಪತ್ರೆಗೆ ಸೇರಿಸಿದ್ದು ನಡುರಾತ್ರಿ. ಡ್ಯೂಟಿ ಡಾಕ್ಟರು ಬರೆದುಕೊಳ್ಳುತ್ತಾ "ಶುಗರ್ ಎಷ್ಟು ವರ್ಷದಿಂದ?" ಅಂದರು. ಗುಬ್ಬಿ ಅಕ್ಕ ಗಾಬರಿಯಲ್ಲಿ, "ಅಯ್ಯೋ, ಒಂದು ಹತ್ತು ಹದಿನೈದು ವರ್ಷ ಆಗಿರಬೇಕು ಡಾಕ್ಟ್ರೇ" ಅಂದರು. ನಮ್ಮ ಕಡೆ ಲೆಕ್ಕ ಹೇಳುವುದೇ ಹಾಗಲ್ವಾ? ಅದು ಕೇಸ್ ಶೀಟಿಗೆ ಹೋಯಿತು. ಕೇಸ್ ಶೀಟಿನಿಂದ ಕಂಪನಿಗೆ ಹೋಯಿತು. ಅಲ್ಲಿಂದ ಕ್ವೆರಿ ಬಂತು: ಪಾಲಿಸಿಯಲ್ಲಿ ಒಂದು, ಆಸ್ಪತ್ರೆಯಲ್ಲಿ ಇನ್ನೊಂದು, ಮೊದಲ ಸಲ ತೋರಿಸಿದ ಚೀಟಿ ಕೊಡಿ ಅಂತ. ಅಷ್ಟು ಹಳೇ ಚೀಟಿ ಯಾರ ಹತ್ತಿರ ಇರುತ್ತದೆ?

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಭಾವನ ಹೆಸರಿನಲ್ಲಿ ಮೊದಲ ಮೆಟ್‌ಫಾರ್ಮಿನ್ ಬಿಲ್ಲು ಇತ್ತು, ತಾರೀಖಿನ ಸಮೇತ. ಲ್ಯಾಬಿನವರು ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಹಳೇ ಎಚ್‌ಬಿಎ1ಸಿ ರಿಪೋರ್ಟ್ ಹುಡುಕಿಕೊಟ್ಟರು. ಎರಡನ್ನೂ ಕಳಿಸಿದ ಮೇಲೆ ದುಡ್ಡು ಬಂತು. ಅಷ್ಟರಲ್ಲಿ ಆಸ್ಪತ್ರೆ ಬಿಲ್ಲು ಭಾವನ ಕೊಬ್ಬರಿ ದುಡ್ಡಿನಲ್ಲಿ ಕಟ್ಟಿ ಆಗಿತ್ತು. ಸಿಟ್ಟು ಬರದೆ ಇರುತ್ತದೆಯೇ? ಆದರೆ ಭಾವ, ಫಾರಂನಲ್ಲಿ ನೀವು "ಇಲ್ಲ" ಅಂತ ಹಾಕಿಸಿದ್ದಿದ್ದರೆ ನನ್ನ ಅದೇ ಬಿಲ್ಲು ನಿಮ್ಮ ವಿರುದ್ಧವೇ ಸಾಕ್ಷಿ ಆಗುತ್ತಿತ್ತು. ಅದನ್ನೂ ಯೋಚನೆ ಮಾಡಿ.

ಈಗ ಪುಟ್ಟ ನೀನು ಕೇಳುತ್ತೀಯ, ನನಗೆ ಗೊತ್ತು. ಮೂರು ವರ್ಷ ಆದ ಮೇಲೆ ಕಂಪನಿಯವರು ಏನೂ ಕೇಳುವ ಹಾಗಿಲ್ಲವಂತಲ್ಲ ಅಂತ. ಅದು ವಿಮಾ ಕಾಯ್ದೆಯ 45ನೇ ಸೆಕ್ಷನ್, ಜೀವ ವಿಮೆಗೆ ಮಾತ್ರ. ಆರೋಗ್ಯ ವಿಮೆಗೆ, ವಿಮಾ ಕಂಪನಿಗಳ ಮೇಲ್ವಿಚಾರಣೆ ನೋಡುವ ಐಆರ್‌ಡಿಎಐ ನಿಯಮ ಬೇರೆ ಇದೆ. 60 ತಿಂಗಳು ಬಿಡದೆ ಪಾಲಿಸಿ ನಡೆಸಿಕೊಂಡು ಬಂದರೆ, ಆಮೇಲೆ ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ. ಮೊದಲು ಇದು 8 ವರ್ಷ ಇತ್ತು, 2024ರಲ್ಲಿ 5 ಮಾಡಿದರು. ಆದರೆ ಮೋಸ ಅಂತ ಸಾಬೀತಾದರೆ ಈ ರಕ್ಷಣೆಯೂ ಇಲ್ಲ. ಹಾಗಾದರೆ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರಾಯಿತು ಅನ್ನಬೇಡ. ಚಿಕ್ಕಪ್ಪನಿಗೆ ಅರವತ್ತು ದಾಟಿದೆ. ಐದು ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಅಂತ ಯಾರು ಬರೆದುಕೊಡುತ್ತಾರೆ?

ನಿಜ ಹೇಳಿದರೆ ಏನಾಗುತ್ತದೆ ಅಂದರೆ, ಪ್ರೀಮಿಯಂ ಸ್ವಲ್ಪ ಜಾಸ್ತಿ ಹಾಕಬಹುದು. ಇರುವ ಕಾಯಿಲೆಗೆ ಕಾಯುವ ಅವಧಿ ಹಾಕುತ್ತಾರೆ, ಅಲ್ಲಿವರೆಗೆ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ, ಅದು ಈಗ ಹೆಚ್ಚೆಂದರೆ 36 ತಿಂಗಳು. ಕೆಲವರು ಪಾಲಿಸಿಯೇ ಕೊಡಲ್ಲ ಅನ್ನಬಹುದು, ಆಗ ಬೇರೆ ಕಡೆ ಕೇಳೋಣ. ಪ್ರೀಮಿಯಂ ಏರುತ್ತದೆ ಅಂತ ಬೆಂಗಳೂರಿನ ಅಳಿಯಂದಿರು ಹೇಳಿದ್ದು ಸುಳ್ಳಲ್ಲ, ಆದರೆ ಈ ತೀರ್ಪಿನಿಂದ ಅಲ್ಲ. ಅರವತ್ತು ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಐಆರ್‌ಡಿಎಐ ಜೊತೆ ಮಾತಾಡಿಯೇ ಏರಿಸಬೇಕು ಅಂತ 2025ರ ಜನವರಿಯಲ್ಲಿ ಹೇಳಿದ್ದಾರೆ. ಸ್ವಂತಕ್ಕೆ ಮಾಡಿಸುವ ಪಾಲಿಸಿಗಳ ಮೇಲಿದ್ದ 18% ಜಿಎಸ್‌ಟಿಯನ್ನೂ ಅದೇ ವರ್ಷ ಸೆಪ್ಟೆಂಬರ್ 22ರಿಂದ ತೆಗೆದರು.

ಸಹಕಾರ ಸಂಘದ ಸದಸ್ಯರಿಗೆ ಸರ್ಕಾರ ನಡೆಸುವ ಯಶಸ್ವಿನಿ ಆರೋಗ್ಯ ಯೋಜನೆ ಇದೆಯಲ್ಲ ಅಂತ ಅಕ್ಕ ಕೇಳಿದ್ದೀರಿ. ಇರಲಿ ಅಕ್ಕ, ಸೊಸೈಟಿ ಮೆಂಬರ್ ಆಗಿದ್ದರೆ ಅದನ್ನು ಬಿಡಬೇಡಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿಗೆ 5 ಲಕ್ಷದವರೆಗೆ ಸಿಗುವುದು ಚಿಕ್ಕ ಮಾತಲ್ಲ. ಆದರೆ ಅದು ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ. ಇದರ ಜೊತೆ ಅದೂ ಇರಲಿ.

ಇನ್ನು ಕೋರ್ಟಿನ ವಿಷಯ. ಅಮೆರಿಕಕ್ಕೆ ಹೋಗಿದ್ದ ಆ ಮನುಷ್ಯ ಪಾಲಿಸಿ ಮಾಡಿಸಿದ್ದು 2009ರಲ್ಲಿ, ಗೆದ್ದಿದ್ದು 2021ರಲ್ಲಿ. ಹನ್ನೆರಡು ವರ್ಷ! ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ತಾತ ಹೇಳುತ್ತಿದ್ದರಲ್ಲ, ಹಾಗೆ. ಡೆಲ್ಲಿವರೆಗೆ ಹೋಗುವ ತಾಕತ್ತು ನಮ್ಮಲ್ಲಿ ಯಾರಿಗಿದೆ? ಅದಕ್ಕೇ ಇದೊಂದು ತಿಳಿದುಕೊಂಡಿರಿ. ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಇಂಥ ದೂರು ಕೇಳಿ ತೀರ್ಮಾನ ಕೊಡುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಮಗೆ ಬೆಂಗಳೂರಿನ ಆಫೀಸು. ಫೀಸಿಲ್ಲ, ಲಾಯರ್ ಬೇಕಿಲ್ಲ, 50 ಲಕ್ಷದವರೆಗಿನ ವಿಷಯ ಕೇಳುತ್ತಾರೆ. ಆದರೆ ಒಂದು ವರ್ಷದ ಒಳಗೆ ಹೋಗಬೇಕು. ಅದು ಬೇಡ ಅಂದರೆ ನಮ್ಮ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿ ಎರಡು ವರ್ಷದ ಒಳಗೆ ದೂರು ಹಾಕಬಹುದು. ಸುಮ್ನೆ ಗ್ರೂಪಿನಲ್ಲಿ ಕಳ್ಳರು ಅಂತ ಬೈದರೆ ಅವರಿಗೆ ಕೇಳಿಸುವುದಿಲ್ಲ.

ಚಿಕ್ಕಪ್ಪ, ಈಗ ನಿಮ್ಮ ಕೆಲಸ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆಗೆದಿರುತ್ತದೆ. ಬರುವಾಗ ನಿಮ್ಮ ಚೀಟಿಗಳು, ಹಳೇ ರಿಪೋರ್ಟುಗಳು, ತೆಗೆದುಕೊಳ್ಳುವ ಮಾತ್ರೆಗಳ ಸ್ಟ್ರಿಪ್ಪು ಎಲ್ಲ ತನ್ನಿ, ಕತ್ತರಿಸದೆ. ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೀರಿ, ಅದೂ ಬರೆಯಬೇಕು. ಆರು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಗಿತ್ತಲ್ಲ, ಅದೂ. ಫಾರಂ ಇಂಗ್ಲಿಷಿನಲ್ಲಿದ್ದರೆ, ಕನ್ನಡದಲ್ಲಿ ವಿವರಿಸಿ ಹೇಳಿದ್ದೇನೆ ಅಂತ ಸಹಿ ಹಾಕುವ ಜಾಗ ಸಾಮಾನ್ಯವಾಗಿ ಕೊನೆಯಲ್ಲಿ ಇರುತ್ತದೆ, ವಿವರಿಸಿ ಹೇಳಿದವರು ಅಲ್ಲಿ ಸಹಿ ಹಾಕಲಿ. ಪಾಲಿಸಿಯ ಮುಖ್ಯ ವಿಷಯ ಇರುವ ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೊಡಿ ಅಂತ ಕೇಳಿ, ಕೇಳಿದರೆ ಕೊಡಬೇಕು. ಪಾಲಿಸಿ ಕೈಗೆ ಬಂದ ಮೇಲೆ ಅದರ ಜೊತೆಗಿರುವ ಫಾರಂ ಪ್ರತಿಯನ್ನು ನನಗೆ ಫೋಟೋ ತೆಗೆದು ಕಳಿಸಿ. ನಾವು ಹೇಳಿದ್ದೊಂದು ಅಲ್ಲಿರುವುದೊಂದು ಆಗಿದ್ದರೆ ಆಗಲೇ ತಿದ್ದಿಸೋಣ. ಬೇಡ ಅನ್ನಿಸಿದರೆ ವಾಪಸ್ ಕೊಡಲು 30 ದಿನ ಟೈಮ್ ಇರುತ್ತದೆ.

ಏಜೆಂಟಿಗೆ ನನ್ನ ಎದುರಿಗೇ ಫೋನ್ ಮಾಡೋಣ. ಅಲ್ಲಿವರೆಗೂ ಓಟಿಪಿ ಮಾತ್ರ ಹೇಳಬೇಡಿ. ಚಿಕ್ಕಮ್ಮನನ್ನೂ ಕರೆದುಕೊಂಡು ಬನ್ನಿ, ನಿಮಗೆ ಸಕ್ಕರೆ ಶುರುವಾಗಿದ್ದು ಯಾವ ವರ್ಷ ಅಂತ ಅವರಿಗೇ ಸರಿಯಾಗಿ ನೆನಪಿರುತ್ತದೆ.