ಪಿಇ ಸಿವಿಲ್ ವಾಟರ್ ರಿಸೋರ್ಸಸ್ ಪರೀಕ್ಷೆ: ನಾಲ್ಕು ತಿಂಗಳಲ್ಲಿ ಏನು ಓದೋದು, ಏನು ಬಿಡೋದು?

ಕೆರೆಏರಿ:
ಅಮೆರಿಕದಲ್ಲಿ ಎನ್‌ಸಿಇಇಎಸ್ ಅನ್ನೋ ಸಂಸ್ಥೆ ನಡೆಸುವ ಎಂಜಿನಿಯರ್ ಲೈಸೆನ್ಸ್ ಪರೀಕ್ಷೆ ಪಿಇ ಸಿವಿಲ್, ಅದರಲ್ಲಿ ವಾಟರ್ ರಿಸೋರ್ಸಸ್ ಅಂಡ್ ಎನ್ವಿರಾನ್ಮೆಂಟಲ್ ವಿಭಾಗದ ಬಗ್ಗೆ ಕೇಳ್ತಿದ್ದೀನಿ. ಬಿಇ ಕರ್ನಾಟಕದ್ದು, ಪಿಇಗೆ ಮುಂಚಿನ ಎಫ್‌ಇ ಪರೀಕ್ಷೆ ಆಗಿದೆ. ವಾರಕ್ಕೆ ಹತ್ತು ಗಂಟೆ ಸಿಗುತ್ತೆ. ಸೂತ್ರಗಳೆಲ್ಲ ಗೊತ್ತು, ಆದರೂ ಅಭ್ಯಾಸದ ಲೆಕ್ಕಗಳಲ್ಲಿ ಅರ್ಧಕ್ಕರ್ಧ ತಪ್ಪು. ಮಜಾ ಅಂದ್ರೆ, ಬಂದ ತಪ್ಪು ಉತ್ತರ ಆಯ್ಕೆಗಳಲ್ಲಿ ಇದ್ದೇ ಇರುತ್ತೆ. ಬೆಳಗಿನ ಬ್ರೆಡ್ತ್ ಭಾಗಕ್ಕೆ, ಅಂದ್ರೆ ಸಿವಿಲ್‌ನ ಎಲ್ಲ ವಿಭಾಗದ ಪ್ರಶ್ನೆ ಬರೋ ಭಾಗಕ್ಕೆ, ಸ್ಟ್ರಕ್ಚರ್ಸ್, ಹೈವೇ ಕೂಡ ಓದಬೇಕಾ?

ತೂಬು:
ಬ್ರೆಡ್ತ್ ಈಗಿಲ್ಲ. 2024ರ ಏಪ್ರಿಲ್‌ನಿಂದ ಬ್ರೆಡ್ತ್–ಡೆಪ್ತ್ ವಿಭಜನೆ ತೆಗೆದಿದ್ದಾರೆ, 80 ಪ್ರಶ್ನೆಗಳೂ ನಿಮ್ಮ ವಿಭಾಗದವೇ. ಪ್ರಾಜೆಕ್ಟ್ ಪ್ಲಾನಿಂಗ್, ಮಣ್ಣು, ಸೈಟ್‌ವರ್ಕ್ ಸ್ವಲ್ಪ ಉಳಿದಿವೆ, ಬೀಮು–ಕಾಲಮ್ಮಿಗೆ ರಾತ್ರಿ ನಿದ್ದೆಗೆಡಬೇಡಿ. ಹಳೇ ಗೈಡು ಯಾರಾದರೂ ಪುಕ್ಕಟೆ ಕೊಟ್ಟರೆ ಮೊದಲು ಅದು ಯಾವ ವರ್ಷದ್ದು ನೋಡಿ.

ತಪ್ಪು ಉತ್ತರ ಆಯ್ಕೆಯಲ್ಲಿ ಸಿಗೋದು ಕಾಕತಾಳೀಯ ಅಲ್ಲ, ಎಲ್ಲಿ ಎಡವುತ್ತಾರೆ ಅಂತ ಲೆಕ್ಕ ಹಾಕಿಯೇ ಇಟ್ಟಿರ್ತಾರೆ. ಉದಾಹರಣೆಗೆ 24 ಇಂಚಿನ ಕಾಂಕ್ರೀಟ್ ಪೈಪು, ಮ್ಯಾನಿಂಗ್ ಗುಣಾಂಕ (ಪೈಪಿನ ಒರಟುತನದ ಅಳತೆ) 0.013, ಇಳಿಜಾರು 0.005, ಪೂರ್ತಿ ತುಂಬಿ ಹರೀತಿದೆ. ಸರಿ ಉತ್ತರ 16 ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ). ಮೆಟ್ರಿಕ್ ಅಭ್ಯಾಸದಲ್ಲಿ, ಅಡಿ ಲೆಕ್ಕದ ಮ್ಯಾನಿಂಗ್ ಸೂತ್ರದಲ್ಲಿರೋ 1.486 ಮರೆತರೆ 10.8. ಹೈಡ್ರಾಲಿಕ್ ರೇಡಿಯಸ್ ಅಂದರೆ ವ್ಯಾಸದ ಕಾಲು ಭಾಗ, ಅದನ್ನು ಪೈಪಿನ ತ್ರಿಜ್ಯ ಅಂದುಕೊಂಡರೆ 25.4. ಮೂರೂ ಆಯ್ಕೆಯಲ್ಲಿರುತ್ತವೆ. ಆ 1.486 ಬೇರೇನಲ್ಲ, 3.281ರ ಘನಮೂಲ, ಅಡಿ–ಮೀಟರ್ ಪರಿವರ್ತನೆ ಅಷ್ಟೇ. ಹಾಗೆ ನೆನಪಿಟ್ಟರೆ ಮರೆಯಲ್ಲ.

ಪೈಪಿನಲ್ಲಿ ಘರ್ಷಣೆಯ ನಷ್ಟ ಲೆಕ್ಕ ಹಾಕೋ ಹೇಜನ್–ವಿಲಿಯಮ್ಸ್ ಸೂತ್ರದಲ್ಲೂ ಇದೇ ಕಥೆ. 4.73 ಇರೋ ರೂಪ ಅಡಿ ಮತ್ತು ಕ್ಯೂಸೆಕ್‌ಗೆ, 10.44 ಇರೋದು ಇಂಚು ಮತ್ತು ನಿಮಿಷಕ್ಕೆ ಗ್ಯಾಲನ್‌ಗೆ. ಬೆರೆಸಿದರೆ ಮುಗೀತು. ಬಾಯಿಪಾಠ ಆಗಬೇಕಾದವು: 1 ಕ್ಯೂಸೆಕ್ ಅಂದರೆ ನಿಮಿಷಕ್ಕೆ 448.8 ಗ್ಯಾಲನ್, ದಿನಕ್ಕೆ ಮಿಲಿಯನ್ ಗ್ಯಾಲನ್ ಅಂದರೆ 1.547 ಕ್ಯೂಸೆಕ್, ಘನ ಅಡಿಗೆ 7.48 ಗ್ಯಾಲನ್, ಎಕರೆಗೆ 43,560 ಚದರಡಿ. ಗ್ಯಾಲನ್ ಇಲ್ಲಿ 3.785 ಲೀಟರ್, ಬ್ರಿಟಿಷರ 4.546 ಅಲ್ಲ. ಕೆಆರ್‌ಎಸ್ 124.80 ಅಡಿ, ಇಷ್ಟು ಸಾವಿರ ಕ್ಯೂಸೆಕ್ ಒಳಹರಿವು ಅಂತ ಪೇಪರ್ ಓದಿ ಬೆಳೆದವರಿಗೆ ಅಡಿ–ಕ್ಯೂಸೆಕ್ ಅಷ್ಟು ಪರಕೀಯವೂ ಅಲ್ಲ ಬಿಡಿ. ಒಂದು ಟಿಎಂಸಿ ಸುಮಾರು 22,957 ಎಕರೆ–ಅಡಿ.

ಹಳ್ಳಕೊಳ್ಳ:
ತೂಬು ಅವರು ಹೈಡ್ರಾಲಜಿ ಬಿಟ್ಟರು. ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಗುತ್ತೆ ಅಂತ ಲೆಕ್ಕ ಹಾಕೋ ಎಸ್‌ಸಿಎಸ್ ಕರ್ವ್ ನಂಬರ್ ವಿಧಾನದಲ್ಲಿ ಒಂದು ಗುಂಡಿ ಇದೆ. ನಂಬರ್ 60 ಆದರೆ ಹಿಡಿದಿಡುವ ಸಾಮರ್ಥ್ಯ 1000ವನ್ನು 60ರಿಂದ ಭಾಗಿಸಿ 10 ಕಳೆದರೆ 6.67 ಇಂಚು. ಆರಂಭಿಕ ನಷ್ಟ ಅದರ ಐದನೇ ಒಂದು ಭಾಗ, 1.33 ಇಂಚು. ಮಳೆ 1 ಇಂಚು ಮಾತ್ರ ಬಿದ್ದರೆ ಹರಿವು ಸೊನ್ನೆ. ಆದರೆ ಸೂತ್ರಕ್ಕೆ ಕಣ್ಣುಮುಚ್ಚಿ ಹಾಕಿದರೆ ಋಣಸಂಖ್ಯೆ ವರ್ಗವಾಗಿ ಧನವಾಗುತ್ತೆ, 0.02 ಇಂಚು ಅಂತ ಉತ್ತರ ಬರುತ್ತೆ. ಮೊದಲು ಮಳೆಯನ್ನು ನಷ್ಟಕ್ಕೆ ಹೋಲಿಸಿ, ಆಮೇಲೆ ಸೂತ್ರ.

ಗರಿಷ್ಠ ಹರಿವು ಲೆಕ್ಕ ಹಾಕೋ ರ‍್ಯಾಷನಲ್ ವಿಧಾನದಲ್ಲಿ ಮಳೆಯ ಅವಧಿಯನ್ನು ಟೈಮ್ ಆಫ್ ಕಾನ್ಸಂಟ್ರೇಶನ್‌ಗೆ (ಅತಿ ದೂರದ ನೀರು ಹೊರದಾರಿ ತಲುಪೋ ಸಮಯ) ಸಮ ಮಾಡಿ ತೀವ್ರತೆ ಓದಬೇಕು. ಎರಡು ದಾರಿಯಲ್ಲಿ ನೀರು ಬಂದು ಸೇರುವಾಗ ಉದ್ದನೆಯ ಸಮಯ ತಗೊಳ್ಳಿ, ಎರಡನ್ನೂ ಕೂಡಿಸಬೇಡಿ.

ಕೆರೆಏರಿ:
ಧನ್ಯವಾದ ಇಬ್ಬರಿಗೂ. ತ್ಯಾಜ್ಯನೀರಿನ ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕ) ಲೆಕ್ಕದಲ್ಲಿ ಎಲ್ಲಿ ತಪ್ಪಾಗುತ್ತೆ? ಪರೀಕ್ಷೆಯಲ್ಲಿ ಕೊಡೋ ಸೂತ್ರಗಳ ಹ್ಯಾಂಡ್‌ಬುಕ್ ಹೇಗೆ ಬಳಸಬೇಕು?

ಹಳ್ಳಕೊಳ್ಳ:
ಬಿಒಡಿಯಲ್ಲಿ ವೇಗದ ಗುಣಾಂಕ ಯಾವ ಆಧಾರದ್ದು, ಇ (2.718) ಆಧಾರದ್ದೋ 10ರದ್ದೋ ಅನ್ನೋದೇ ಎಲ್ಲ. ದಿನಕ್ಕೆ 0.23 ಇ ಆಧಾರದ್ದಾದರೆ 5 ದಿನದಲ್ಲಿ ಒಟ್ಟು ಬಿಒಡಿಯ ಶೇ 68 ಆಗುತ್ತೆ. ಅದನ್ನೇ 10ರ ಘಾತಕ್ಕೆ ಹಾಕಿದರೆ ಶೇ 93. ಪರಿವರ್ತನೆ 2.303ರಿಂದ. ಇನ್ನು ಪ್ರತಿದಿನದ ಭಾರಕ್ಕೆ ಲೀಟರಿಗೆ ಮಿಲಿಗ್ರಾಮ್, ಮಿಲಿಯನ್ ಗ್ಯಾಲನ್, 8.34 ಗುಣಿಸಿದರೆ ಪೌಂಡು. ಈ ಸಂಖ್ಯೆಯೊಂದು ಹತ್ತು ಲೆಕ್ಕ ಬಿಡಿಸುತ್ತೆ.

ಪ್ರಶ್ನೆಪತ್ರಿಕೆ:
ಹ್ಯಾಂಡ್‌ಬುಕ್ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಎನ್‌ಸಿಇಇಎಸ್ ಖಾತೆಯಿಂದ ಪಿಡಿಎಫ್ ಉಚಿತ. ಪರೀಕ್ಷೆಯಲ್ಲಿ ಪರದೆಯ ಮೇಲೆ ಅದೊಂದೇ ಆಸರೆ, ಸ್ವಂತ ಪುಸ್ತಕ ಒಳಗೆ ಬಿಡಲ್ಲ. ಮೊದಲ ದಿನದಿಂದಲೇ ಪ್ರತಿ ಲೆಕ್ಕದ ಸೂತ್ರವನ್ನು ಅಲ್ಲೇ ಹುಡುಕಿ, ಮುದ್ರಿಸಿಕೊಳ್ಳಬೇಡಿ. ಪ್ರಶ್ನೆಯಲ್ಲಿರೋ ಪದಕ್ಕೂ ಹ್ಯಾಂಡ್‌ಬುಕ್ ಬಳಸೋ ಪದಕ್ಕೂ ಹಲವು ಸಲ ತಾಳೆ ಆಗಲ್ಲ. ಹುಡುಕುವ ಪದಗಳ ಸ್ವಂತ ಪಟ್ಟಿ ಮಾಡಿ ಬಾಯಿಪಾಠ ಹೊಡೀರಿ.

80 ಪ್ರಶ್ನೆಗೆ 8 ಗಂಟೆ, ತಲಾ 6 ನಿಮಿಷ. ಮಧ್ಯೆ ವಿರಾಮ ಇದೆ, ಆದರೆ ಮೊದಲ ಭಾಗ ಸಲ್ಲಿಸಿದ ಮೇಲೆ ವಾಪಸ್ ಹೋಗೋಕಾಗಲ್ಲ. ಗುರುತು ಹಾಕಿ ಬಿಟ್ಟಿದ್ದನ್ನು ವಿರಾಮಕ್ಕೆ ಮುಂಚೆಯೇ ಮುಗಿಸಿ. ತಪ್ಪಿಗೆ ಅಂಕ ಕಳೆಯಲ್ಲ, ಖಾಲಿ ಯಾವುದನ್ನೂ ಬಿಡಬೇಡಿ. ಕ್ಯಾಸಿಯೋ ಎಫ್‌ಎಕ್ಸ್ 991 ನಡೆಯುತ್ತೆ, ಊರಿಂದ ತಂದಿದ್ದರೆ ಹೊಸದು ಕೊಳ್ಳೋದು ಬೇಡ.

ಶುಲ್ಕ ಕಟ್ಟುವ ಮುಂಚೆ ನಿಮ್ಮ ರಾಜ್ಯದ ಬೋರ್ಡಿನ ನಿಯಮ ನೋಡಿ. ಭಾರತದ ಪದವಿಗೆ ಕ್ರೆಡೆನ್ಷಿಯಲ್ ಮೌಲ್ಯಮಾಪನ (ಪದವಿ ಅಮೆರಿಕದ್ದಕ್ಕೆ ಸಮವೇ ಅನ್ನೋ ಪರಿಶೀಲನೆ) ಕೇಳಬಹುದು, ಅದಕ್ಕೆ ಕಾಲೇಜಿನಿಂದ ಅಂಕಪಟ್ಟಿ ತರಿಸಿಕೊಳ್ಳೋದು ಓದಿಗಿಂತ ನಿಧಾನದ ಕೆಲಸ. ಕ್ಯಾಲಿಫೋರ್ನಿಯಾ ಆದರೆ ಇದರ ಜೊತೆ ಸೈಸ್ಮಿಕ್, ಸರ್ವೇಯಿಂಗ್ ಅಂತ ಇನ್ನೆರಡು ಪರೀಕ್ಷೆ ಇವೆ. ನೀವು ಯಾವ ರಾಜ್ಯ?