ತಮ್ಮ ಗಾಲ್ಫ್ ಪ್ರೊ ಆಗುತ್ತೇನೆ ಅನ್ನುತ್ತಿದ್ದಾನೆ, ತೋಟ ಮಾರಬೇಕಾ?

ಕೇಳುತ್ತಿರುವವರು: ಆಲ್ದೂರು ಹತ್ತಿರದಿಂದ ಒಬ್ಬ ಅಕ್ಕ

ನಮ್ಮದು ಆರು ಎಕರೆ ಕಾಫಿ ತೋಟ. ಚಿಕ್ಕಪ್ಪ ಚಿಕ್ಕಮಗಳೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. ತಮ್ಮ ಒಂಬತ್ತು ವರ್ಷದವನಿದ್ದಾಗ ರಜೆಯಲ್ಲಿ ಅವರ ಜೊತೆ ಹೋಗಿ, ಚೆಂಡು ಹೆಕ್ಕಿ, ಬ್ಯಾಗ್ ಹೊತ್ತು, ಕೊನೆಗೆ ಆಟವನ್ನೇ ಕಲಿತ. ಈಗ ಅವನಿಗೆ 17. ಸೆಕೆಂಡ್ ಪಿಯುಸಿ, ಕಾಮರ್ಸ್. ಹ್ಯಾಂಡಿಕ್ಯಾಪ್ 2 (ಈ ಅಂಕ ಕಡಿಮೆಯಾದಷ್ಟೂ ಆಟ ಒಳ್ಳೆಯದಂತೆ). ಕಾಲೇಜು ಬಿಟ್ಟು ಬರುವ ವರ್ಷವೇ ಪ್ರೊ, ಅಂದರೆ ವೃತ್ತಿಪರ ಆಟಗಾರ, ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅಪ್ಪ ರಸ್ತೆ ಪಕ್ಕದ ಒಂದು ಎಕರೆ ಮಾರಿ ದುಡ್ಡು ಹೊಂದಿಸೋಣ ಅನ್ನುತ್ತಿದ್ದಾರೆ. ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಈ ಆಟ ಬಲ್ಲವರು ಯಾರೂ ಇಲ್ಲ. ಆಡಿದವರು, ಹತ್ತಿರದಿಂದ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಮೂಡಿಗೆರೆ ಕಡೆಯ ಬೆಳೆಗಾರರು

ಏನಮ್ಮಾ, ಮೊದಲು ಹುಡುಗನಿಗೆ ಭೇಷ್ ಅನ್ನಿ. ಹುಲ್ಲು ಕತ್ತರಿಸುವವರ ಮನೆಯ ಹುಡುಗರು ಈ ಆಟದಲ್ಲಿ ಮೇಲೆ ಬಂದದ್ದು ಹೊಸದೇನಲ್ಲ. ಕೋಲ್ಕತ್ತದ ಎಸ್‌ಎಸ್‌ಪಿ ಚೌರಾಸಿಯಾ ಅವರ ತಂದೆಯೂ ಮೈದಾನ ನೋಡಿಕೊಳ್ಳುತ್ತಿದ್ದವರೇ. ನಮ್ಮ ಬಿಡದಿ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಕೂಲಿ ಮಾಡುವವರ ಮಗ. ಹತ್ತಿರದ ಮೈದಾನದಲ್ಲಿ ಚೆಂಡು ಹೆಕ್ಕುತ್ತಾ ಶುರು ಮಾಡಿದ್ದು. ಕೋಚ್ ವಿಜಯ್ ದಿವೇಚ ಅವರ ಕೈಯಲ್ಲಿ ಪಳಗಿ, ಅಮೆಚೂರ್ (ವೃತ್ತಿಪರರಲ್ಲದ) ಆಟಗಾರರಲ್ಲಿ ದೇಶದ ಮುಂಚೂಣಿಗೆ ಬಂದ ಮೇಲೆ 2012ರಲ್ಲಿ ಪ್ರೊ ಆದರು. ಆ ‘ಮೇಲೆ’ ಅನ್ನೋದನ್ನು ಗಮನಿಸಿ. ಜನ ಅವರ ಬಡತನದ ಕಥೆ ಹೇಳುತ್ತಾರೆ, ಅಮೆಚೂರ್ ವರ್ಷಗಳನ್ನು ಬಿಟ್ಟುಬಿಡುತ್ತಾರೆ.

ಇನ್ನು ತೋಟದ ವಿಷಯ. ರಸ್ತೆ ಪಕ್ಕದ ಎಕರೆ ಒಮ್ಮೆ ಹೋದರೆ ಮತ್ತೆ ಕೈಗೆ ಬರೋದಿಲ್ಲ. ಅದನ್ನು ಈಗಲೇ ಮುಟ್ಟಬೇಡಿ.

ಚಿಕ್ಕಮಗಳೂರು ಪೇಟೆಯಿಂದ, ಆರು ವರ್ಷ ಪ್ರೊ ಆಗಿ ಆಡಿದವನು

ನಾನೂ ಇದೇ ಊರಿನ ಹುಡುಗ. ಆರು ವರ್ಷ ಆಡಿ ವಾಪಸ್ ಬಂದೆ. ಈಗ ಅಪ್ಪನ ತೋಟ ನೋಡಿಕೊಂಡು, ವಾರದಲ್ಲಿ ಮೂರು ದಿನ ಮಕ್ಕಳಿಗೆ ಕಲಿಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ನಿಮ್ಮ ತಮ್ಮನಿಗೂ ಓದಿಸಿ.

ಮೊದಲು ಪ್ರೊ ಆಟಗಾರನ ಒಂದು ವಾರ ಹೇಗಿರುತ್ತದೆ ಅಂತ ಹೇಳುತ್ತೇನೆ. ನಮ್ಮ ದೇಶದ ಗಂಡಸರ ಪ್ರೊ ಟೂರ್ ಪಿಜಿಟಿಐ, 2006ರಿಂದ ಇದೆ. ಟೂರ್ನಿ ಸಾಮಾನ್ಯವಾಗಿ ಮಂಗಳವಾರ ಶುರು, ಶುಕ್ರವಾರ ಮುಕ್ತಾಯ. ನಾಲ್ಕು ದಿನ, ದಿನಕ್ಕೆ 18 ಹೋಲ್, ಅಂದರೆ ಗುಳಿ. ಮೈದಾನ ನೋಡಿಕೊಳ್ಳಲು ಭಾನುವಾರವೇ ಊರು ತಲುಪಬೇಕು. ನೂರಿಪ್ಪತ್ತು ಚಿಲ್ಲರೆ ಜನ ಶುರು ಮಾಡುತ್ತಾರೆ. ಎರಡನೇ ದಿನ ಸಂಜೆ ಕಟ್. ಮೊದಲ 50 ಸ್ಥಾನದೊಳಗಿನವರು ಉಳಿಯುತ್ತಾರೆ, ಉಳಿದವರು ಬ್ಯಾಗ್ ಕಟ್ಟಬೇಕು. ಕಟ್ ದಾಟದವನಿಗೆ ಒಂದು ರೂಪಾಯಿಯೂ ಇಲ್ಲ. ರೈಲು, ಲಾಡ್ಜ್, ಊಟ, ಎಂಟ್ರಿ ಫೀ, ಬ್ಯಾಗ್ ಹೊರುವ ಕ್ಯಾಡಿ, ಎಲ್ಲ ಕೈಯಿಂದಲೇ.

ನನ್ನ ಪಾಲಿಗೆ ಗಾಲ್ಫ್ ಅಂದರೆ ಆ ಬುಧವಾರದ ಸಂಜೆ. ಸ್ಕೋರ್ ಬೋರ್ಡ್ ಮುಂದೆ ನಿಂತು ಇನ್ನೂ ಮೈದಾನದಲ್ಲಿರುವವರ ಅಂಕ ಬರುವುದನ್ನೇ ಕಾಯೋದು. ಒಂದು ವರ್ಷ ನಾಲ್ಕು ಸಲ ಒಂದೇ ಒಂದು ಹೊಡೆತದಲ್ಲಿ ಕಟ್ ತಪ್ಪಿತು. ಒಂದು ಸಲ ಆ ಹೊಡೆತ ಯಾವುದು ಅಂತಲೂ ಗೊತ್ತಿತ್ತು. ಎರಡೂವರೆ ಅಡಿಯ ಪಟ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ. ಮನೆಗೆ ಫೋನ್ ಮಾಡಿದಾಗ ಅಪ್ಪ, "ಊಟ ಆಯ್ತಾ?" ಅಂತ ಮಾತ್ರ ಕೇಳುತ್ತಿದ್ದರು. ಅದು ಎಷ್ಟು ದೊಡ್ಡ ಬಲ ಅಂತ ಈಗ ಅರ್ಥವಾಗುತ್ತದೆ. ಅಕ್ಕನಾಗಿ ನೀವು ಮಾಡಬಹುದಾದ ಸಹಾಯದಲ್ಲಿ ಇದೂ ಒಂದು. ಬುಧವಾರ ರಾತ್ರಿ ಸ್ಕೋರ್ ಕೇಳಬೇಡಿ.

ದುಡ್ಡಿನ ಲೆಕ್ಕ. ಒಂದು ಕೋಟಿ ಬಹುಮಾನದ ಟೂರ್ನಿ ಅಂದರೆ ಗೆದ್ದವನಿಗೆ ಸುಮಾರು 15 ಲಕ್ಷ. ಪೇಪರಿನಲ್ಲಿ ಬರುವುದು ಅದೇ. ಕಟ್ ದಾಟಿ ಕೊನೆಯಲ್ಲಿ ನಿಂತವನಿಗೆ ಸಿಗುವುದು ಆ ವಾರದ ಖರ್ಚಿಗೆ ಸರಿಹೋದರೆ ಪುಣ್ಯ. ಮೊದಲ ಎರಡು ವರ್ಷ ಕೈಯಿಂದ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಆ ದುಡ್ಡು ಬೇರೆ ಪಾಸ್‌ಬುಕ್‌ನಲ್ಲಿರಲಿ. ತೋಟದ ಗೊಬ್ಬರದ ದುಡ್ಡಿಗೆ, ಕೂಲಿ ಬಟವಾಡೆಗೆ ಅದು ಸೇರಬಾರದು. ನಮ್ಮ ಮನೆಯಲ್ಲಿ ಸೇರಿಸಿದೆವು. ಒಂದು ಕುಯ್ಲಿನ ಹೊತ್ತಿಗೆ ಆಳುಗಳಿಗೆ ಕೊಡಲು ದುಡ್ಡಿರಲಿಲ್ಲ. ಆ ವಾರ ಯಾವ ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಂತರೂ ಕಣ್ಣ ಮುಂದೆ ಬರುತ್ತಿದ್ದುದು ಅಪ್ಪನ ಮುಖ.

ಈಗ ನಿಮ್ಮ ತಮ್ಮನ ಹ್ಯಾಂಡಿಕ್ಯಾಪ್. 2 ಅಂದರೆ ತುಂಬಾ ಒಳ್ಳೆಯ ಆಟ, ಅನುಮಾನವೇ ಇಲ್ಲ. ಆದರೆ ಪ್ರೊ ಆಟಗಾರರೆಲ್ಲ ಸೊನ್ನೆಯ ಆಚೆ, ಅದಕ್ಕಿಂತಲೂ ಒಳ್ಳೆಯದಾದ ಪ್ಲಸ್‌ನಲ್ಲಿ ಇರುತ್ತಾರೆ. ಅದೂ ಅವನ 2 ಬಂದಿರುವುದು ಮನೆಯ ಮೈದಾನದಲ್ಲಿ. ಅಲ್ಲಿ ಯಾವ ಮರದ ಪಕ್ಕ ಚೆಂಡು ಎಷ್ಟು ಉರುಳುತ್ತದೆ ಅಂತ ಕಣ್ಣು ಮುಚ್ಚಿ ಹೇಳುತ್ತಾನೆ, ಅಲ್ವಾ? ಇನ್ನೊಂದು ವಿಷಯ ನಮ್ಮೂರಿನವರು ಮರೆಯುತ್ತಾರೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಜಾಸ್ತಿ ದೂರ ಹೋಗುತ್ತದೆ. ನಾನು ಮೊದಲ ಸಲ ಚೆನ್ನೈನಲ್ಲಿ ಆಡಿದಾಗ ಇಲ್ಲಿ 150 ಯಾರ್ಡ್ ಹೋಗುತ್ತಿದ್ದ ಐರನ್ ಕೋಲಿನ ಹೊಡೆತ ಐದಾರು ಯಾರ್ಡ್ ಹಿಂದೆಯೇ ಬೀಳುತ್ತಿತ್ತು. ಬಂಕರ್ (ಮರಳಿನ ಗುಂಡಿ), ಬಂಕರ್, ಮತ್ತೆ ಬಂಕರ್. ನನ್ನ ಕೈಯೇ ಕೆಟ್ಟಿತು ಅಂದುಕೊಂಡು ಚೆನ್ನಾಗಿದ್ದ ಸ್ವಿಂಗ್ ಬದಲಾಯಿಸಿಕೊಂಡೆ. ಅದನ್ನು ಸರಿ ಮಾಡಿಕೊಳ್ಳಲು ಆರು ತಿಂಗಳು ಬೇಕಾಯಿತು.

ಅದಕ್ಕೇ ಹೇಳುವುದು, ಒಂದು ವರ್ಷ ಅವನನ್ನು ಹೊರಗಿನ ಮೈದಾನಗಳಲ್ಲಿ ಅಮೆಚೂರ್ ಆಗಿಯೇ ಆಡಿಸಿ. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಜೂನಿಯರ್ ಮತ್ತು ಅಮೆಚೂರ್ ಟೂರ್ನಿಗಳಿವೆ. ಮನೆಯ ಸ್ಕೋರ್ ಬಿಟ್ಟು, ಹೊರಗೆ ಆಡಿದ ಸ್ಕೋರ್ ಮಾತ್ರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸತತ ನಾಲ್ಕು ದಿನ ಆಡಿದ ಸರಾಸರಿ ಪಾರ್‌ಗಿಂತ, ಅಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ, ಕೆಳಗೆ ಬರುತ್ತಿದೆಯಾ? ಬಂದರೆ ಕ್ವಾಲಿಫೈಯಿಂಗ್ ಸ್ಕೂಲ್‌ಗೆ ಹೋಗಲಿ. ಹೆಸರು ಸ್ಕೂಲ್ ಅಂತಿದ್ದರೂ ಅದು ಟೂರ್‌ನಲ್ಲಿ ಆಡುವ ಅರ್ಹತೆ ಕೊಡುವ ಟೂರ್ ಕಾರ್ಡ್‌ಗಾಗಿ ನಡೆಯುವ ಸ್ಪರ್ಧೆ. ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ನಡೆಯುತ್ತದೆ, ಅಂದರೆ ಪಿಯುಸಿ ಪರೀಕ್ಷೆಗೆ ಓದುವ ಹೊತ್ತಿನಲ್ಲೇ. ಈ ವರ್ಷ ಪರೀಕ್ಷೆಯೇ ಬರೆಯಲಿ. ಒಮ್ಮೆ ಪ್ರೊ ಆದರೆ ಅಮೆಚೂರ್ ಆಗಿ ಹಿಂತಿರುಗಲು ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು.

ಇನ್ನೊಂದು ಮಾತು. ನಮ್ಮ ಆಟದಲ್ಲಿ ನಮ್ಮ ಸ್ಕೋರ್ ಬರೆಯುವುದು ಜೊತೆಗೆ ಆಡುವವನು. ಕೊನೆಯಲ್ಲಿ ನೋಡಿ ಸಹಿ ಹಾಕುವುದು ನಾವು. ಒಮ್ಮೆ ಕಟ್ ದಾಟಿದ್ದೆ, ಮೂರನೇ ದಿನವೂ ಚೆನ್ನಾಗಿ ಆಡಿದ್ದೆ. 14ನೇ ಹೋಲ್‌ನಲ್ಲಿ ನಾನು ಹೊಡೆದ 5 ಹೊಡೆತ ಕಾರ್ಡ್‌ನಲ್ಲಿ 4 ಅಂತ ಬಿದ್ದಿತ್ತು. ಜ್ವರ ಇತ್ತು, ಬೇಗ ರೂಮಿಗೆ ಹೋಗೋಣ ಅಂತ ನೋಡದೆ ಸಹಿ ಹಾಕಿದೆ. ಆಡಿದ್ದಕ್ಕಿಂತ ಕಡಿಮೆ ಅಂಕಕ್ಕೆ ಸಹಿ ಹಾಕಿದರೆ ಟೂರ್ನಿಯಿಂದಲೇ ಹೊರಗೆ. ರಾತ್ರಿ ಕಾರ್ಡ್ ನೆನಪು ಮಾಡಿಕೊಂಡಾಗ ಗೊತ್ತಾಯಿತು. ಬೆಳಿಗ್ಗೆ ನಾನೇ ಹೋಗಿ ಹೇಳಿದೆ. ಆ ವರ್ಷ ನನಗೆ ಸಿಗಬೇಕಿದ್ದ ದೊಡ್ಡ ಮೊತ್ತ ಅದೇ ಆಗಿತ್ತು. ಪ್ರತಿ ಹೋಲ್‌ನ ಅಂಕವನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ ಸಹಿ ಹಾಕುವ ಅಭ್ಯಾಸ ಅವನಿಗೆ ಈಗಿನಿಂದಲೇ ಆಗಲಿ.

ನಾನು ಬಿಟ್ಟಿದ್ದು ಬೆನ್ನು ನೋವಿನಿಂದ. ಆ ಆರು ವರ್ಷದ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ.

ಬೇಲೂರು ಕಡೆಯವನು, ಕ್ಯಾಡಿ

ಅಕ್ಕಾ, ನಾನು ಒಂಬತ್ತು ವರ್ಷದಿಂದ ಬ್ಯಾಗ್ ಹೊರುತ್ತಿದ್ದೇನೆ. ಮೇಲೆ ಬರೆದ ಅಣ್ಣ ಹೇಳಿದ್ದು ಸರಿ. ನನಗೆ ಕಂಡದ್ದು ಇಷ್ಟು. ಹೊಸ ಹುಡುಗರು ಡ್ರೈವರ್ (ದೂರ ಹೊಡೆಯುವ ಕೋಲು) ಹಿಡಿದು ಎಷ್ಟು ದೂರ ಹೊಡೆಯುತ್ತಾರೆ ಅನ್ನೋದರಲ್ಲೇ ಇರುತ್ತಾರೆ. ಕಟ್ ದಾಟುವ ಹುಡುಗರು ಸಂಜೆ ಎಲ್ಲರೂ ಹೋದ ಮೇಲೆ ಗ್ರೀನ್ ಪಕ್ಕ ಚಿಪ್ (ಸಣ್ಣ ಹೊಡೆತ) ಮಾಡುತ್ತಿರುತ್ತಾರೆ.

ಮೊದಲ ವರ್ಷ ಪ್ರತಿ ಊರಿನಲ್ಲೂ ಅಲ್ಲಿನ ಕ್ಯಾಡಿಯನ್ನೇ ತೆಗೆದುಕೊಳ್ಳಲಿ. ಊರೂರಿಗೆ ಜೊತೆಗೆ ಕರೆದುಕೊಂಡು ಹೋಗುವ ಖರ್ಚು ಬೇಡ. ಗ್ರೀನ್ ಯಾವ ಕಡೆ ವಾಲಿದೆ ಅಂತ ಅಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಿರುತ್ತದೆ. ವಾರದ ದುಡ್ಡು ಎಷ್ಟು, ಬಹುಮಾನ ಬಂದರೆ ಪಾಲು ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಲಿ. ಗೆದ್ದರೆ ಹತ್ತರಲ್ಲಿ ಒಂದು ಪಾಲು ಕೊಡುವುದು ಈ ಆಟದಲ್ಲಿ ಮೊದಲಿನಿಂದ ಇರುವ ರೂಢಿ. ಒಬ್ಬ ಆಟಗಾರ ನನಗೆ ಪಾಲು ಕೊಡದೆ ಹೋದ, ನೋವಾಯಿತು. ಹಾಗೇ ಇನ್ನೊಬ್ಬ ಕಟ್ ತಪ್ಪಿದ ದಿನವೂ ಪೂರ್ತಿ ದುಡ್ಡು ಕೊಟ್ಟು ಬಸ್ ಹತ್ತಿಸಿ ಹೋದ. ಅವನು ಯಾವಾಗ ಕರೆದರೂ ನಾನು ಹೋಗುತ್ತೇನೆ.

ರೂಮ್ ಮೂವರು ಸೇರಿ ಮಾಡಿಕೊಳ್ಳಲಿ. ಒಬ್ಬನೇ ಇದ್ದರೆ ಖರ್ಚೂ ಜಾಸ್ತಿ, ಮನಸ್ಸಿಗೂ ಕಷ್ಟ.

ಹಾಸನದಿಂದ ಒಬ್ಬ ತಾಯಿ

ನನ್ನ ಮಗಳು ಜೂನಿಯರ್ ಟೂರ್ನಿ ಆಡುತ್ತಾಳೆ. ಹಾಗಾಗಿ ನಿಮ್ಮ ಅಮ್ಮನಿಗೋಸ್ಕರ ಬರೆಯುತ್ತಿದ್ದೇನೆ.

ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಪ್ರೊ ಆದರು, ಶಾಲೆ ಮುಗಿದದ್ದೂ ಅದೇ ವರ್ಷ. ಅದೇ ವರ್ಷ 18ನೇ ವಯಸ್ಸಿಗೆ ರಿಯೊ ಒಲಿಂಪಿಕ್ಸ್ ಆಡಿದರು, ಅಪ್ಪ ಬ್ಯಾಗ್ ಹೊತ್ತರು. 2021ರಲ್ಲಿ ಟೋಕಿಯೊದಲ್ಲಿ ಅಮ್ಮ ಹೊತ್ತರು. ವಿಶ್ವ ಶ್ರೇಯಾಂಕ 200ರಲ್ಲಿದ್ದ ಹುಡುಗಿ ನಾಲ್ಕನೇ ಸ್ಥಾನಕ್ಕೆ ಬಂದಳು, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಆ ಬೆಳಿಗ್ಗೆ ನಾವು ಒಲೆ ಹಚ್ಚದೆ ಟಿವಿ ಮುಂದೆ ಕೂತಿದ್ದೆವು. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರು ಬೆಳ್ಳಿ ಗೆದ್ದಾಗ ಮೈಸೂರಿನ ಪ್ರಣವಿ ಅರಸ್ ಕೂಡ ತಂಡದಲ್ಲಿದ್ದರು. ಮೈಸೂರು ನಮಗೆ ದೂರವಾ ಹೇಳಿ?

ನಾವು ಮಾಡಿದ್ದು ಇಷ್ಟೇ. ಓದು ಬಿಡಿಸಲಿಲ್ಲ, ಓದುವ ದಾರಿ ಬದಲಾಯಿಸಿದೆವು. ಹಾಜರಾತಿಗಾಗಿ ಪ್ರಿನ್ಸಿಪಾಲರ ಹತ್ತಿರ ಮೊದಲೇ ಟೂರ್ನಿ ಪತ್ರಗಳನ್ನು ತೋರಿಸಿ ಒಪ್ಪಿಗೆ ಪಡೆದೆವು. ನಿಮ್ಮ ತಮ್ಮ ಪಿಯುಸಿ ಮುಗಿಸಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಸೇರಬಹುದು. ರೈಲಿನಲ್ಲಿ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ, ನನ್ನ ಮಗಳು ಓದುತ್ತಾಳೆ. ಅಮ್ಮನನ್ನು ಒಂದು ಟೂರ್ನಿಗೆ ಕರೆದುಕೊಂಡು ಹೋಗಿ. ಮಗ ಐದು ಗಂಟೆ ಬಿಸಿಲಲ್ಲಿ ನಡೆದು, ತಾನೇ ಲೆಕ್ಕ ಹಾಕಿ, ತಾನೇ ತೀರ್ಮಾನ ಮಾಡುವುದನ್ನು ಒಮ್ಮೆ ನೋಡಲಿ. ನನ್ನ ಭಯ ಅರ್ಧ ಇಳಿದದ್ದು ಹಾಗೆ.

ಕೇಳಿದ ಅಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಊಟದ ನಂತರ ಜೋರಾಗಿ ಓದಿ ಹೇಳಿದೆ. ಕಾರ್ಡ್‌ಗೆ ಸಹಿ ಹಾಕಿದ ಕಥೆ ಬಂದಾಗ ತಮ್ಮ ತಲೆ ಎತ್ತಲಿಲ್ಲ. ಆಮೇಲೆ ಹೊರಗೆ ಹೋಗಿ ಕೂತ. ಅಪ್ಪ ಎಕರೆ ಮಾರುವುದಿಲ್ಲ ಅಂದರು. ಈ ಸಲದ ಮೆಣಸಿನ ದುಡ್ಡನ್ನು ಬೇರೆ ಪಾಸ್‌ಬುಕ್‌ಗೆ ಹಾಕುತ್ತೇವೆ. ಪರೀಕ್ಷೆ ಬರೆಯಲು ಅವನು ಒಪ್ಪಿದ್ದಾನೆ, ಆದರೆ ಒಂದು ಪ್ರಶ್ನೆ ಕೇಳಿದ. ಆರಿದ್ರ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ನಮ್ಮ ಕಡೆ ಮೈದಾನ ಕೆಸರು. ಆ ತಿಂಗಳುಗಳಲ್ಲಿ ಏನು ಮಾಡುವುದು?

ಆರು ವರ್ಷ ಆಡಿದವನು

ನಿಮ್ಮ ಮನೆಯಲ್ಲಿ ಕಾಫಿ ಒಣಗಿಸುವ ಕಣ ಇದೆಯಲ್ಲ, ಮಳೆ ಬಿಡುವು ಕೊಟ್ಟಾಗ ಅಲ್ಲೇ. ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಕಣದ ಅಂಚಿನ ಹುಲ್ಲಿನ ಮೇಲೆ ಚೆಂಡಿಟ್ಟು, ಹತ್ತು, ಇಪ್ಪತ್ತು, ಮೂವತ್ತು ಹೆಜ್ಜೆ ದೂರದಲ್ಲಿ ಒದ್ದೆ ಗೋಣಿಚೀಲಗಳನ್ನು ನಾಲ್ಕು ಮಡಿಕೆ ಮಾಡಿ ಹಾಸುವುದು. ಚೆಂಡು ಚೀಲದ ಮೇಲೆ ಬಿದ್ದರೆ ‘ದಪ್’ ಅಂತ ಕೂರುತ್ತದೆ, ತಪ್ಪಿದರೆ ಸಿಮೆಂಟಿನ ಮೇಲೆ ಪುಟಿದು ಗಿಡದೊಳಗೆ. ಹೋಗಿ ಹುಡುಕಬೇಕು, ಜಿಗಣೆ ಕಾಲಿಗೆ ಹತ್ತುತ್ತದೆ. ಹಾಗಾಗಿ ಬೇಗ ಕಲಿಯುತ್ತೇವೆ. ಮಳೆ ಜೋರಾದರೆ ಗೋಡೌನ್ ಒಳಗೆ ಪಟ್. ಗಾಲ್ಫ್ ಗುಳಿಯ ಅಗಲ 108 ಮಿಲಿಮೀಟರ್. ನೆಲದ ಮೇಲೆ ಸುಣ್ಣದಲ್ಲಿ ಅದಕ್ಕಿಂತ ಚಿಕ್ಕ ಗುಂಡು ಬರೆದು, ಮೂರು ಅಡಿಯಿಂದ ಸತತ 50. ಒಂದು ತಪ್ಪಿದರೆ ಮತ್ತೆ ಒಂದರಿಂದ.

ನನ್ನ ಹಳೆಯ ಪಟರ್ ಒಂದು ಸುಮ್ನೆ ಮೂಲೆಯಲ್ಲಿದೆ. ಅವನ ಎತ್ತರ ಎಷ್ಟು ಹೇಳಿ, ಸರಿಹೊಂದಿದರೆ ಕೊಡುತ್ತೇನೆ.

ಕೇಳಿದ ಅಕ್ಕ

ಐದು ಅಡಿ ಎಂಟು ಇಂಚು. ಬುಧವಾರ ಸಂತೆಗೆ ಪೇಟೆಗೆ ಬರುತ್ತೇವೆ, ಅವನನ್ನೂ ಕರೆದುಕೊಂಡು ಬರುತ್ತೇನೆ.